‘ಡಾಟ್ಸ್ ಅಂಡ್ ಲೂಪ್ಸ್’ ಬರೀ ಲಿಫ್ಟಿನ ಸಂಗೀತವೇ? ಸ್ಟೀರಿಯೋಲ್ಯಾಬ್ ಕುರಿತು ಒಂದು ಚರ್ಚೆ

ರಾತ್ರಿಪಾಳಿ

ಕಳೆದ ವಾರ ಇದೇ ವೇದಿಕೆಯಲ್ಲಿ ಬೇರೆ ಯಾವುದೋ ವಿಷಯ ನಡೆದಿದ್ದಾಗ ‘ಹಳೇ ಟೇಪು’ ಅವರು ಸ್ಟೀರಿಯೋಲ್ಯಾಬ್ ತಂಡದ 1997ರ ಆಲ್ಬಂ ‘ಡಾಟ್ಸ್ ಅಂಡ್ ಲೂಪ್ಸ್’ ಅನ್ನು ‘ದೊಡ್ಡ ಹೋಟೆಲಿನ ಲಿಫ್ಟಿಗೆಂದೇ ಹೇಳಿ ಮಾಡಿಸಿದ ಸಂಗೀತ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರು. ಅಲ್ಲಿ ಉತ್ತರಿಸಿದರೆ ಮೂಲ ಚರ್ಚೆ ದಾರಿ ತಪ್ಪುತ್ತದೆಂದು ಸುಮ್ಮನಿದ್ದೆ. ಆದರೆ ವರ್ಷಗಟ್ಟಲೆ ರಾತ್ರಿಪಾಳಿಯ ಕೆಲಸ ಮುಗಿಸಿ, ಬೆಳಗಿನ ಜಾವ ಕಂಪನಿಯ ಬಸ್ಸಿನಲ್ಲಿ ಮನೆಗೆ ಮರಳುವಾಗ ಈ ಆಲ್ಬಮ್ಮನ್ನೇ ಕೇಳುತ್ತಾ ಬಂದವನಾದ ನನಗೆ ಆ ಸಾಲು ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಿನಂತೆ ಕಾಡುತ್ತಿದೆ. ಆದ್ದರಿಂದ ಪ್ರತ್ಯೇಕವಾಗಿ ಬರೆಯುತ್ತಿದ್ದೇನೆ.

ತಂಡದ ಪರಿಚಯವಿಲ್ಲದವರಿಗೆ ಎರಡು ಮಾತು. ಟಿಮ್ ಗೇನ್ ಎಂಬ ಇಂಗ್ಲಿಷ್ ಗಿಟಾರ್ ವಾದಕ ಮತ್ತು ಲೇಟಿಸಿಯಾ ಸಾಡಿಯೇ ಎಂಬ ಫ್ರೆಂಚ್ ಗಾಯಕಿ 1990ರಲ್ಲಿ ಲಂಡನ್ನಿನಲ್ಲಿ ಇದನ್ನು ಕಟ್ಟಿದರು. ಗೇನ್ ಅದಕ್ಕೆ ಮೊದಲು ‘ಮೆಕಾರ್ಥಿ’ ಎಂಬ ಎಡಪಂಥೀಯ ತಂಡದಲ್ಲಿದ್ದರು. ಆಸ್ಟ್ರೇಲಿಯಾದ ಮೇರಿ ಹ್ಯಾನ್ಸನ್ 1992ರಲ್ಲಿ ಬಂದು ಸೇರಿದ ಮೇಲೆ ಇಬ್ಬರು ಹೆಂಗಸರ ದನಿಗಳು ಜಡೆಯಂತೆ ಹೆಣೆದುಕೊಳ್ಳುವುದೇ ತಂಡದ ಗುರುತಾಯಿತು. ತಂಡದ ಹೆಸರೂ ಅವರ ಸ್ವಂತದ್ದಲ್ಲ. ಸ್ಟೀರಿಯೋ ತಂತ್ರಜ್ಞಾನ ಹೊಸದಾಗಿದ್ದ ಕಾಲದಲ್ಲಿ ಅಮೆರಿಕದ ವ್ಯಾನ್‌ಗಾರ್ಡ್ ಕಂಪನಿಯು ತನ್ನ ಹೈ-ಫೈ ರೆಕಾರ್ಡುಗಳ ವಿಭಾಗಕ್ಕೆ ಇಟ್ಟಿದ್ದ ಹೆಸರು ಅದು. ಅಂದರೆ ಬೈಠಕ್‌ಖಾನೆಯಲ್ಲಿ ಹೊಸ ರೆಕಾರ್ಡ್ ಪ್ಲೇಯರ್ ತಂದಿಟ್ಟುಕೊಂಡ ಗೃಹಸ್ಥರು, ಎಡಗಡೆಯಿಂದ ಬಲಗಡೆಗೆ ಓಡುವ ಬೋಂಗೋ ಸದ್ದನ್ನು ಬಂದ ನೆಂಟರಿಗೆಲ್ಲ ಕೇಳಿಸಿ ಬೆರಗುಗೊಳಿಸುತ್ತಿದ್ದ ಯುಗದ ಹೆಸರು.

ನನ್ನ ವಾದ ಇಷ್ಟು. ಈ ಆಲ್ಬಂ ಸುಲಭವಾಗಿ ಕಿವಿಗೆ ಇಳಿಯುತ್ತದೆ ಎಂಬುದು ನಿಜ. ಆದರೆ ಇದರಲ್ಲಿ ಪ್ರಯೋಗವೆಂಬುದು ಯಾವುದಾದರೂ ಇದ್ದರೆ ಅದು ಆ ಸುಲಭದಲ್ಲಿಯೇ ಇದೆ. ಮೊದಲ ಹಾಡು ‘ಬ್ರಾಕೇಜ್’ ಅನ್ನೇ ನೋಡಿ. ಯಾವುದೋ ಯಂತ್ರ ನಿದ್ದೆಯಿಂದೆದ್ದು ತನ್ನ ಬಿಡಿಭಾಗಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುವಂತೆ ಚಿಟಿಪಿಟಿ ಎನ್ನುವ ಎಲೆಕ್ಟ್ರಾನಿಕ್ ಸದ್ದುಗಳು ಮೊದಲು ಬರುತ್ತವೆ. ಅವುಗಳಿಗೆ ರಾಗವೂ ಇಲ್ಲ, ಲಯವೂ ಇಲ್ಲ. ಆಮೇಲೆ ಡ್ರಮ್ಮಿನ ಒಂದು ತುಣುಕು ಸುತ್ತಲಾರಂಭಿಸುತ್ತದೆ, ಅದರ ಮೇಲೆ ವೈಬ್ರಾಫೋನಿನ (ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ) ನುಣುಪಾದ ನಾದ ಬಂದು ಕೂರುತ್ತದೆ, ಕಡೆಗೆ ಸಾಡಿಯೇ ಅವರ ನಿರುದ್ವೇಗದ ದನಿ. ಆ ಹೊತ್ತಿಗೆ ಮೊದಲಿನ ಚಿಟಿಪಿಟಿ ನಿಂತಿತೇ ಎಂದು ಯಾರಾದರೂ ಕೇಳಿದರೆ ಹೆಚ್ಚಿನವರು ‘ನಿಂತಿತು’ ಎನ್ನುತ್ತಾರೆ. ಹೆಡ್‌ಫೋನಿನಲ್ಲಿ ಗಮನವಿಟ್ಟು ಕೇಳಿ. ಸದ್ದು ಬೇರೆ ಬೇರೆ ರೂಪ ತಾಳುತ್ತಾ ಹಾಡಿನ ಮೂಲೆಗಳಲ್ಲಿ ಓಡಾಡಿಕೊಂಡೇ ಇರುತ್ತದೆ. ನಮಗೆ ಅದು ಕೇಳಿಸದಂತಾಗಿರುವುದು ಅಭ್ಯಾಸಬಲದಿಂದ. ಹಾಡು ಆ ಅಭ್ಯಾಸವನ್ನು ನಮಗೆ ಗೊತ್ತಾಗದ ಹಾಗೆ, ಅರ್ಧ ನಿಮಿಷದಲ್ಲಿ ಮಾಡಿಸಿಬಿಟ್ಟಿರುತ್ತದೆ.

ಒಪ್ಪದವರು ದಯವಿಟ್ಟು ಬರೆಯಿರಿ. ವಿಶೇಷವಾಗಿ ಹಳೇ ಟೇಪು ಅವರು.

ಹಳೇ ಟೇಪು

ನನ್ನ ಒಂದು ಸಾಲಿಗೆ ಇಷ್ಟು ದೊಡ್ಡ ಉತ್ತರ ಬರುತ್ತದೆಂದು ಗೊತ್ತಿದ್ದರೆ ಎರಡು ಸಾಲು ಬರೆಯುತ್ತಿದ್ದೆ, ರಾತ್ರಿಪಾಳಿ ಅವರೇ. ನನ್ನ ನಿಲುವನ್ನು ವಿವರಿಸುತ್ತೇನೆ.

ನಾನು ಈ ತಂಡದ ವಿರೋಧಿಯಲ್ಲ. 1992ರ ‘ಪೆಂಗ್!’ ಮತ್ತು 1993ರ ‘ಟ್ರಾನ್ಸಿಯೆಂಟ್ ರ್‍ಯಾಂಡಮ್-ನಾಯ್ಸ್ ಬರ್ಸ್ಟ್ಸ್ ವಿತ್ ಅನೌನ್ಸ್‌ಮೆಂಟ್ಸ್’ ನನ್ನ ಮಟ್ಟಿಗೆ ಆ ದಶಕದ ಒಳ್ಳೆಯ ರೆಕಾರ್ಡುಗಳು. ಎರಡನೆಯದರಲ್ಲಿ ‘ಜೆನ್ನಿ ಒಂಡಿಯೋಲಿನ್’ ಎಂಬ 18 ನಿಮಿಷಗಳ ಹಾಡಿದೆ. ಬೆರಳೆಣಿಕೆಯ ಕಾರ್ಡುಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು), ಹಳೆಯ ಫಾರ್ಫಿಸಾ ಆರ್ಗನ್ನಿನ ಕರ್ಕಶವಾದ ಗುಂಯ್‌ಗುಡುವಿಕೆ, ಎಲ್ಲಿಯೂ ದಣಿಯದ ಡ್ರಮ್ಮು. ಅದನ್ನು ಕೇಳಿ ಮುಗಿಸಿದಾಗ ಕೇಳುಗನಿಗೂ ಸ್ವಲ್ಪ ಬೆವರು ಬಂದಿರುತ್ತದೆ. ಅದರಲ್ಲಿ ಪ್ರಯೋಗವೂ ಪಾಪ್ ಹಾಡೂ ಒಂದನ್ನೊಂದು ಜಗ್ಗಾಡುತ್ತವೆ, ಆ ಜಗ್ಗಾಟ ನಮಗೆ ಕಾಣಿಸುತ್ತದೆ. ‘ಡಾಟ್ಸ್ ಅಂಡ್ ಲೂಪ್ಸ್’ನಲ್ಲಿ ಜಗ್ಗಾಟವೇ ಇಲ್ಲ. ಎಲ್ಲವನ್ನೂ ಉಜ್ಜಿ, ಒರೆಸಿ, ಹೊಳಪು ಕೊಟ್ಟು ಗಾಜಿನ ಬೀರುವಿನಲ್ಲಿ ಜೋಡಿಸಿಟ್ಟಿದ್ದಾರೆ. ‘ಪ್ರಯೋಗ ಸುಲಭದ ಒಳಗೇ ಇದೆ’ ಎಂದು ನೀವು ಹೇಳಿದಿರಿ. ಹಾಗಾದರೆ ಕೇಳಿಸದ ಪ್ರಯೋಗಕ್ಕೂ ಇಲ್ಲದ ಪ್ರಯೋಗಕ್ಕೂ ವ್ಯತ್ಯಾಸವೇನು ಎಂದು ತಿಳಿಸಬೇಕು.

ಒಂದು ವಿಷಯವನ್ನು ನೆನಪಿಸಬೇಕು. ಇದೇ ದಾರಿಯಲ್ಲಿ ಮುಂದುವರಿದು 1999ರಲ್ಲಿ ಅವರು ತಂದ ಉದ್ದ ಹೆಸರಿನ ಆಲ್ಬಮ್ಮಿಗೆ ಇಂಗ್ಲೆಂಡಿನ ಎನ್‌ಎಂಇ ಎಂಬ ಸಂಗೀತ ಪತ್ರಿಕೆ ಹತ್ತಕ್ಕೆ ಸೊನ್ನೆ ಅಂಕ ಕೊಟ್ಟಿತು. ಸೊನ್ನೆ ಕೊಟ್ಟದ್ದು ಅತಿಯಾಯಿತು ಎಂದು ನಾನೂ ಒಪ್ಪುತ್ತೇನೆ. ಆದರೆ ಆ ಸಿಟ್ಟು ಎಲ್ಲಿಂದ ಹುಟ್ಟಿತು ಎಂಬುದು ನನಗೆ ಅರ್ಥವಾಗುತ್ತದೆ.

ಮಿಕ್ಸಿಂಗ್ ಮೇಜು

ನಾನು ಧ್ವನಿಮುದ್ರಣದ ಕೆಲಸದಲ್ಲಿರುವವನು. ಈ ಚರ್ಚೆಗೆ ನನ್ನ ಕಸುಬಿನ ಕಡೆಯಿಂದ ಒಂದಿಷ್ಟು ಸೇರಿಸಬಹುದು ಎಂದುಕೊಂಡಿದ್ದೇನೆ.

ಆಲ್ಬಮ್ಮಿನ ಹೆಸರಿನಲ್ಲಿಯೇ ಅದರ ವಿಧಾನ ಅಡಗಿದೆ. ನಾರ್ಮನ್ ಮೆಕ್ಲಾರೆನ್ ಎಂಬ ಸ್ಕಾಟ್ಲೆಂಡ್ ಮೂಲದ ಚಿತ್ರಕರ್ಮಿ 1940ರಲ್ಲಿ ನ್ಯೂಯಾರ್ಕಿನಲ್ಲಿದ್ದಾಗ ‘ಡಾಟ್ಸ್’ ಮತ್ತು ‘ಲೂಪ್ಸ್’ ಎಂಬ ಎರಡು ಪುಟ್ಟ ಚಿತ್ರಗಳನ್ನು ಮಾಡಿದರು. ಅವುಗಳಿಗೆ ಕ್ಯಾಮೆರಾ ಬಳಸಲಿಲ್ಲ, ಮೈಕ್ ಕೂಡ ಬಳಸಲಿಲ್ಲ. ಹಳೆಯ ಸಿನಿಮಾ ರೀಲಿನ ಅಂಚಿನಲ್ಲಿ ಧ್ವನಿಗೆಂದು ಒಂದು ಸಣ್ಣ ಪಟ್ಟಿ ಇರುತ್ತದೆ. ಪ್ರೊಜೆಕ್ಟರಿನೊಳಗಿನ ದೀಪದ ಬೆಳಕು ಆ ಪಟ್ಟಿಯನ್ನು ಹಾದು ಬರುವಾಗ ಆಗುವ ಏರಿಳಿತವೇ ಸದ್ದಾಗುತ್ತದೆ. ಮೆಕ್ಲಾರೆನ್ ಶಾಯಿಯ ಲೇಖನಿ ಹಿಡಿದು ರೀಲಿನ ಮೇಲೆ ಚಿತ್ರ ಬರೆದಂತೆಯೇ ಆ ಪಟ್ಟಿಯ ಮೇಲೂ ಚುಕ್ಕಿ, ಗೆರೆಗಳನ್ನು ಬರೆದರು. ಚುಕ್ಕಿಯ ಗಾತ್ರ ಬದಲಾದರೆ ಸದ್ದಿನ ಗಾತ್ರ ಬದಲಾಗುತ್ತದೆ, ಚುಕ್ಕಿಗಳು ಒತ್ತೊತ್ತಾದರೆ ಶ್ರುತಿ ಏರುತ್ತದೆ. ಯಾವ ವಾದ್ಯವೂ ಇಲ್ಲದೆ ಕೈಬರಹದಲ್ಲಿ ಹುಟ್ಟಿದ ಸಂಗೀತ ಅದು. ಇದಕ್ಕಿಂತ ‘ಅವಾಂಗಾರ್ಡ್’ (ಕಾಲಕ್ಕಿಂತ ಮುಂದಿರುವ ಪ್ರಯೋಗ) ಆದದ್ದು ಆ ಕಾಲಕ್ಕೆ ಇನ್ನೇನಿತ್ತು? ಆದರೂ ನೋಡಿದರೆ ಮಕ್ಕಳು ಕಿಲಕಿಲ ನಗುತ್ತಾರೆ, ಚುಕ್ಕಿಗಳು ಪುಟಿಪುಟಿದು ಒಂದನ್ನೊಂದು ನುಂಗುತ್ತವೆ. (ನಮ್ಮವರಿಗೆ ಆಸಕ್ತಿ ಹುಟ್ಟಿಸಬಹುದಾದ ಒಂದು ಉಪಕಥೆ: ಇದೇ ಮೆಕ್ಲಾರೆನ್ ಕ್ಲೋಡ್ ಜುತ್ರಾ ಅವರೊಂದಿಗೆ ಮಾಡಿದ 1957ರ ‘ಎ ಚೇರಿ ಟೇಲ್’ ಎಂಬ ಕಿರುಚಿತ್ರಕ್ಕೆ ಸಂಗೀತ ಕೊಟ್ಟವರಲ್ಲಿ ಪಂಡಿತ್ ರವಿಶಂಕರ್ ಮತ್ತು ತಬಲಾ ವಾದಕ ಚತುರಲಾಲ್ ಇದ್ದರು.) ಮೊದಲ ಹಾಡಿನ ಹೆಸರೂ ಅಮೆರಿಕದ ಪ್ರಯೋಗಶೀಲ ಚಿತ್ರಕರ್ಮಿ ಸ್ಟಾನ್ ಬ್ರಾಕೇಜ್ ಅವರದು. ಅವರು ಕೂಡ ರೀಲಿನ ಮೇಲೆ ನೇರವಾಗಿ ಬಣ್ಣ ಬಳಿದವರು, ಪತಂಗದ ರೆಕ್ಕೆಗಳನ್ನು ಅಂಟಿಸಿ ಚಿತ್ರ ಮಾಡಿದವರು.

ಈಗ ಧ್ವನಿಮುದ್ರಣಕ್ಕೆ ಬರುತ್ತೇನೆ. ಸ್ಟೀರಿಯೋಲ್ಯಾಬ್ ಅಲ್ಲಿಯವರೆಗೆ ಟೇಪಿನ ಮೇಲೆ ಕೆಲಸ ಮಾಡಿದ ತಂಡ. ‘ಡಾಟ್ಸ್ ಅಂಡ್ ಲೂಪ್ಸ್’ನಲ್ಲಿ ಮೊದಲ ಸಲ ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ, ಪ್ರೋ ಟೂಲ್ಸ್ ಎಂಬ ಧ್ವನಿ ಸಂಪಾದನೆಯ ತಂತ್ರಾಂಶ ಬಳಸಿ ಮುದ್ರಿಸಿದರು. ಒಂದು ಭಾಗ ಷಿಕಾಗೋದಲ್ಲಿ ‘ಟಾರ್ಟಸ್’ ತಂಡದ ಜಾನ್ ಮೆಕೆಂಟೈರ್ ಜೊತೆ, ಮತ್ತೊಂದು ಭಾಗ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ ‘ಮೌಸ್ ಆನ್ ಮಾರ್ಸ್’ ಎಂಬ ಎಲೆಕ್ಟ್ರಾನಿಕ್ ಸಂಗೀತದ ಜೋಡಿಯ ಜೊತೆ. ಡ್ರಮ್ಮನ್ನು ಹಾಡಿನುದ್ದಕ್ಕೂ ಬಾರಿಸಿ ಮುದ್ರಿಸುವ ಬದಲು ಸಣ್ಣ ಸಣ್ಣ ತುಣುಕುಗಳಾಗಿ ಮುದ್ರಿಸಿಕೊಂಡು, ಕತ್ತರಿಸಿ, ಸುತ್ತು ಹಾಕಿಸಿ ಜೋಡಿಸುವುದು ಈ ವಿಧಾನ. ಇದು ಈಗ ಬೀದಿಬೀದಿಯ ಸ್ಟುಡಿಯೋದಲ್ಲೂ ನಡೆಯುತ್ತದೆ, ಆದರೆ 1997ರಲ್ಲಿ ಗಿಟಾರು-ಆರ್ಗನ್ನಿನ ತಂಡವೊಂದು ತನ್ನ ಇಡೀ ಮೈಕಟ್ಟನ್ನು ಹೀಗೆ ಬಿಚ್ಚಿ ಮತ್ತೆ ಹೊಲಿದುಕೊಂಡದ್ದು ಸಣ್ಣ ಧೈರ್ಯವೇನಲ್ಲ.

ಹಳೇ ಟೇಪು ಸರ್ ಕೇಳಿದ ಪ್ರಶ್ನೆಗೆ ನನ್ನ ಉತ್ತರ: ಕೇಳಿಸದ ಪ್ರಯೋಗ ಎಂದರೆ ಹೊಲಿಗೆ ಕಾಣದ ಬಟ್ಟೆ. ಹೊಲಿಗೆ ಕಾಣುವುದಿಲ್ಲವೆಂದು ದರ್ಜಿ ಇರಲಿಲ್ಲ ಎನ್ನಲಾಗದು.

ಲಯಗಾರ

ನಾನು ಮೃದಂಗ ಕಲಿತವನು, ಪಾಶ್ಚಾತ್ಯ ಸಂಗೀತದಲ್ಲಿ ಅರೆಬರೆ. ಹೊಲಿಗೆಯ ಹೋಲಿಕೆ ಚೆನ್ನಾಗಿದೆ, ಆದರೆ ನಾನು ಲಯದ ಕಡೆಯಿಂದ ಹೇಳುತ್ತೇನೆ.

ಈ ತಂಡದ ಹಳೆಯ ಹಾಡುಗಳ ಬೆನ್ನೆಲುಬಾದ ಬೀಟ್ ಒಂದಿದೆ. ಡ್ಯೂಸೆಲ್‌ಡಾರ್ಫ್‌ನ ‘ನೋಯ್!’ ತಂಡದ ಕ್ಲೌಸ್ ಡಿಂಗರ್ 1970ರ ದಶಕದ ಆರಂಭದಲ್ಲಿ ರೂಢಿಗೆ ತಂದ ಅದನ್ನು ಬರಹಗಾರರು ‘ಮೋಟರಿಕ್’ ಎನ್ನುತ್ತಾರೆ. ನಾಲ್ಕು ಏಟಿನ ಆವರ್ತ, ಮುಕ್ತಾಯವಿಲ್ಲ, ಅಲಂಕಾರವಿಲ್ಲ, ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವ ಕಾರಿನ ಹಾಗೆ. ನಮ್ಮ ಕಛೇರಿಗಳಲ್ಲಿ ಹೀಗೆ ನುಡಿಸಿದರೆ ವಿದ್ವಾಂಸರು ತಿರುಗಿ ನೋಡಿಯಾರು, ಏಕೆಂದರೆ ನಮ್ಮ ತಾಳಕ್ಕೆ ಸಮ ಎಂಬ ಮನೆಯಿದೆ, ಎಷ್ಟು ಅಲೆದರೂ ಕಡೆಗೆ ಅಲ್ಲಿಗೆ ಮರಳಬೇಕು. ಮೋಟರಿಕ್‌ಗೆ ಮನೆಯೇ ಇಲ್ಲ.

‘ಡಾಟ್ಸ್ ಅಂಡ್ ಲೂಪ್ಸ್’ನಲ್ಲಿ ಆ ಕಾರನ್ನು ಅವರು ಬಹುಮಟ್ಟಿಗೆ ಮನೆಯ ಮುಂದೆ ನಿಲ್ಲಿಸಿಬಿಟ್ಟಿದ್ದಾರೆ. ‘ದ ಫ್ಲವರ್ ಕಾಲ್ಡ್ ನೋವೇರ್’ ಮೂರರ ನಡೆಯಲ್ಲಿ ತೂಗುತ್ತದೆ. ನನಗೆ ಎಲ್ಲಕ್ಕಿಂತ ವಿಚಿತ್ರವೆನಿಸಿದ್ದು ‘ಪಾರ್ಸೆಕ್’. ಆಗ ಲಂಡನ್ನಿನ ಕ್ಲಬ್ಬುಗಳಲ್ಲಿ ಬಿಸಿಬಿಸಿಯಾಗಿದ್ದ ಡ್ರಮ್ ಅಂಡ್ ಬೇಸ್ ಶೈಲಿಯ, ಅತಿ ವೇಗದ, ಕತ್ತರಿಸಿ ಜೋಡಿಸಿದ ಡ್ರಮ್ಮು ಕೆಳಗೆ ಓಡುತ್ತಿರುತ್ತದೆ. ಮೇಲೆ ದನಿ ಮಾತ್ರ ತನಗೂ ಅದಕ್ಕೂ ಸಂಬಂಧವಿಲ್ಲವೆಂಬಂತೆ ಸಾವಧಾನವಾಗಿ ತೇಲುತ್ತದೆ. ವಿಳಂಬ ಕಾಲದ ಕೀರ್ತನೆಗೆ ಮೃದಂಗದವರು ಎರಡು, ಮೂರನೇ ಕಾಲದಲ್ಲಿ ತುಂಬಿ ನುಡಿಸಿದಾಗ ಆಗುವುದೇ ಇದು. ಗಾಯಕರ ಮುಖದಲ್ಲಿ ಅವಸರ ಕಾಣದಿದ್ದರೆ, ಕೆಳಗಿನ ಮಳೆಯಂಥ ಏಟುಗಳೂ ಶಾಂತವಾಗಿಯೇ ಕೇಳಿಸುತ್ತವೆ. ಹಾಗಾಗಿ ‘ಸುಲಭ’ ಎನ್ನಿಸುತ್ತಿರುವುದು ಹಾಡಿನ ಒಂದು ಪದರ ಮಾತ್ರ. ತೊಡೆಯ ಮೇಲೆ ಕೈಯಿಟ್ಟು ಡ್ರಮ್ಮಿನ ಪದರವನ್ನು ಎಣಿಸಿ ನೋಡಿ, ಬೆರಳು ನೋಯುತ್ತದೆ.

ರೈನ್ ದಂಡೆ

ನಾನು ಕೆಲಸದ ನಿಮಿತ್ತ ಕೆಲವು ವರ್ಷಗಳಿಂದ ಡ್ಯೂಸೆಲ್‌ಡಾರ್ಫ್ ಬಳಿ ಇದ್ದೇನೆ. ಲಯಗಾರ ಅವರ ಮಾತಿನಲ್ಲಿ ಒಂದು ತಮಾಷೆ ಅಡಗಿದೆ, ಅವರು ಗಮನಿಸಿದರೋ ಇಲ್ಲವೋ. ‘ನೋಯ್!’ ಹುಟ್ಟಿದ್ದು ಈ ಊರಿನಲ್ಲಿ, ಎಲೆಕ್ಟ್ರಾನಿಕ್ ಸಂಗೀತದ ‘ಕ್ರಾಫ್ಟ್‌ವರ್ಕ್’ ತಂಡ ಹುಟ್ಟಿದ್ದೂ ಇಲ್ಲಿಯೇ. ಏಳು ವರ್ಷ ಲಂಡನ್ನಿನಲ್ಲಿ ಕುಳಿತು ಈ ಊರಿನ ಬೀಟನ್ನು ಬಾರಿಸಿದ ತಂಡ, ಕಡೆಗೂ ಆಲ್ಬಂ ಮಾಡಲು ಈ ಊರಿಗೇ ಬಂದಾಗ ಆ ಬೀಟನ್ನು ಬಿಟ್ಟುಬಿಟ್ಟಿತು. ಕಾಶಿಗೆ ಹೋದವರು ಇಷ್ಟವಾದದ್ದನ್ನು ಬಿಟ್ಟು ಬರಬೇಕು ಎನ್ನುತ್ತಾರಲ್ಲ, ಹಾಗೆ.

ತುಂಗೆಯ ಮಳೆ

ಎಲ್ಲರಿಗೂ ನಮಸ್ಕಾರ. ನನಗೆ ಈ ತಂಡದ ಪರಿಚಯವಿರಲಿಲ್ಲ, ಚರ್ಚೆ ಓದಿ ಎರಡು ದಿನ ಕೇಳಿದೆ. ನನ್ನ ತೊಡಕು ಸಂಗೀತಕ್ಕಿಂತ ಹೆಚ್ಚಾಗಿ ಪದದ್ದು.

ಎಲ್ಲರೂ ‘ಸುಲಭ’ ಎನ್ನುತ್ತಿದ್ದೀರಿ. ಇಂಗ್ಲಿಷಿನ ‘ಈಸಿ ಲಿಸನಿಂಗ್’ ಅನ್ನು ಕನ್ನಡಕ್ಕೆ ತಂದರೆ ನಮಗೆ ತಟ್ಟನೆ ಹೊಳೆಯುವ ಪದ ‘ಸುಗಮ ಸಂಗೀತ’. ಪದಶಃ ಎರಡೂ ಒಂದೇ. ಆದರೆ ಕಾಳಿಂಗರಾಯರು, ಮೈಸೂರು ಅನಂತಸ್ವಾಮಿಯವರು, ಸಿ. ಅಶ್ವತ್ಥ್ ಅವರು ಹಾಡಿದ ಸುಗಮ ಸಂಗೀತಕ್ಕೂ ಹೋಟೆಲಿನ ಲಿಫ್ಟಿಗೂ ಏನು ಸಂಬಂಧ? ನಮ್ಮಲ್ಲಿ ಸುಗಮ ಎಂದರೆ ಕವಿತೆ ಎಲ್ಲರಿಗೂ ತಲುಪುವಂತೆ ಹಾಡುವುದು. ಅಲ್ಲಿ ಮಾತೇ ರಾಜ, ಸಂಗೀತ ಪಲ್ಲಕ್ಕಿ ಹೊರುತ್ತದೆ. ಅವರ ಈಸಿ ಲಿಸನಿಂಗ್‌ನಲ್ಲಿ ಮಾತನ್ನು ಗಮನಿಸಲೇಬೇಕಿಲ್ಲ, ಅನೇಕ ಸಲ ಮಾತೇ ಇರುವುದಿಲ್ಲ. ಹೆಸರು ಒಂದೇ, ಆಶಯ ಪೂರ್ವ-ಪಶ್ಚಿಮ.

ಹಾಗಾದರೆ ಸ್ಟೀರಿಯೋಲ್ಯಾಬ್ ಇವೆರಡರಲ್ಲಿ ಯಾವುದು? ಅವರ ಮಾತುಗಳಿಗೆ ಬೆಲೆಯಿದೆಯೇ? ಅರ್ಧ ಫ್ರೆಂಚ್, ಅರ್ಧ ಇಂಗ್ಲಿಷ್, ಮೇಲೆ ‘ಪಾ ಪಾ ಪಾ’. ನನಗಂತೂ ಒಂದೂ ಹಿಡಿತಕ್ಕೆ ಸಿಗಲಿಲ್ಲ.

ಕೆಂಪು ಶಾಯಿ

ತುಂಗೆಯ ಮಳೆ ಮೇಡಂ, ಈ ಚರ್ಚೆಯಲ್ಲಿ ಇದುವರೆಗೆ ಬಂದ ಅತ್ಯಂತ ಒಳ್ಳೆಯ ಪ್ರಶ್ನೆ ನಿಮ್ಮದು. ಅದಕ್ಕೆ ಉತ್ತರಿಸಲು ‘ಡಾಟ್ಸ್ ಅಂಡ್ ಲೂಪ್ಸ್’ನಿಂದ ಮೂರು ವರ್ಷ ಹಿಂದೆ ಹೋಗಲು ಅನುಮತಿ ಕೊಡಿ.

1994ರಲ್ಲಿ ಇವರದು ‘ಪಿಂಗ್ ಪಾಂಗ್’ ಎಂಬ ಹಾಡು ಬಂತು. ಮಟ್ಟು ಎಷ್ಟು ಹಗುರವೆಂದರೆ ಬೇಸಿಗೆ ರಜೆಯ ಮಕ್ಕಳ ಶಿಬಿರದಲ್ಲಿ ಹಾಡಿಸಬಹುದು. ಸಾಡಿಯೇ ಒಂದು ಸಾಲು ಹೇಳುತ್ತಾರೆ, ಹ್ಯಾನ್ಸನ್ ಹಿಂದಿನಿಂದ ತುಂಟ ತಂಗಿಯಂತೆ ಅದಕ್ಕೆ ದನಿಗೂಡಿಸುತ್ತಾರೆ. ಹಾಡಿನ ವಸ್ತು ಏನು ಗೊತ್ತೇ? ಬಂಡವಾಳಶಾಹಿಯ ಆರ್ಥಿಕ ಚಕ್ರ. ಕುಸಿತ, ಅದರ ಬೆನ್ನಿಗೆ ಯುದ್ಧ, ಆಮೇಲೆ ಚೇತರಿಕೆ. ಮುಂದಿನ ಸುತ್ತಿನಲ್ಲಿ ಕುಸಿತ ಇನ್ನೂ ದೊಡ್ಡದು, ಯುದ್ಧ ಇನ್ನೂ ದೊಡ್ಡದು, ಚೇತರಿಕೆ ಮಾತ್ರ ಚಿಕ್ಕದು. ‘ಚಿಂತೆ ಬೇಡ, ಎಲ್ಲ ತಾನಾಗಿ ಸರಿಹೋಗುತ್ತದೆ’ ಎಂಬ ಸಮಾಧಾನದ ಮಾತನ್ನು ವ್ಯಂಗ್ಯವಾಗಿ ಹಾಡುತ್ತಾರೆ. ಹಾಡಿನ ಸಿಹಿ ಮಟ್ಟು ಆ ಸುಳ್ಳು ಸಮಾಧಾನದ ಅನುಕರಣೆಯೇ ಆಗಿದೆ. ಅದೇ ಮಾತನ್ನು ಕಿರುಚಿ ಹಾಡಿದ್ದರೆ ಅರ್ಧ ಅರ್ಥ ಸೋರಿಹೋಗುತ್ತಿತ್ತು.

ಅನೇಕರು ಇದನ್ನು ‘ಕಹಿ ಗುಳಿಗೆಗೆ ಬೆಲ್ಲ ಸವರಿದಂತೆ’ ಎಂದು ವರ್ಣಿಸುತ್ತಾರೆ. ನನಗೆ ಆ ಹೋಲಿಕೆ ಒಪ್ಪಿಗೆಯಿಲ್ಲ. ಬೆಲ್ಲವನ್ನು ನಾಲಿಗೆ ಚಪ್ಪರಿಸಿ ಮುಗಿಸಿ ಗುಳಿಗೆಯನ್ನು ನುಂಗಬಹುದು, ಎರಡೂ ಬೇರೆ ಬೇರೆ. ಇಲ್ಲಿ ಹಾಗಿಲ್ಲ. ನಮ್ಮಲ್ಲಿಯೇ ನಿದರ್ಶನವಿದೆ. ಬೇಂದ್ರೆಯವರ ‘ಕುರುಡು ಕಾಂಚಾಣ’ವನ್ನು ನೆನಪಿಸಿಕೊಳ್ಳಿ. ದುಡ್ಡಿನ ಕ್ರೌರ್ಯವನ್ನು ಹೇಳುವ ಕವಿತೆ, ಆದರೆ ಅದರ ಗತಿ ಗೆಜ್ಜೆ ಕಟ್ಟಿ ಕುಣಿಯುವ ಗತಿ. ಓದುವವನ ಕಾಲೂ ತಾಳ ಹಾಕುತ್ತದೆ, ಅಂದರೆ ಆ ಕುಣಿತದಲ್ಲಿ ಅವನೂ ಶಾಮೀಲು. ಕುಣಿತವನ್ನು ತೆಗೆದು ಬರಿಯ ಅರ್ಥವನ್ನು ಉಳಿಸಿದರೆ ಅದು ಭಾಷಣವಾಗುತ್ತದೆ. ಆದ್ದರಿಂದ ಮೇಡಂ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಈ ತಂಡ ಅವರ ಈಸಿ ಲಿಸನಿಂಗ್‌ನ ವೇಷ ಹಾಕಿ ನಮ್ಮ ಸುಗಮ ಸಂಗೀತದ ಕೆಲಸ ಮಾಡುತ್ತದೆ.

ಇನ್ನು ಲಿಫ್ಟಿನ ವಿಷಯ. ‘ಮ್ಯೂಝಾಕ್’ ಎಂಬ ಅಮೆರಿಕದ ಕಂಪನಿಯು 1930ರ ದಶಕದಿಂದ ತಂತಿಯ ಮೂಲಕ ಹೋಟೆಲು, ಕಚೇರಿ, ಕಾರ್ಖಾನೆಗಳಿಗೆ ಸಂಗೀತ ಸರಬರಾಜು ಮಾಡುತ್ತಿತ್ತು. ಮುಂದೆ ಅದು ಹದಿನೈದು ಹದಿನೈದು ನಿಮಿಷಗಳ ಕಂತುಗಳನ್ನು ರೂಪಿಸಿತು. ಒಂದು ಕಂತಿನೊಳಗೆ ಹಾಡಿನಿಂದ ಹಾಡಿಗೆ ಚುರುಕು ಮೆಲ್ಲಗೆ ಏರುತ್ತಾ ಹೋಗುತ್ತದೆ, ಆಮೇಲೆ ಅಷ್ಟೇ ಹೊತ್ತು ಮೌನ. ಕೆಲಸಗಾರನಿಗೆ ದಣಿವು ಗೊತ್ತಾಗಬಾರದು, ಕೈ ನಿಧಾನವಾಗಬಾರದು ಎಂಬುದು ಉದ್ದೇಶ. ಅಂದರೆ ‘ಯಾರೂ ಗಮನಿಸದ ಸಂಗೀತ’ ಎಂಬುದು ಮುಗ್ಧ ವಸ್ತುವಾಗಿರಲಿಲ್ಲ, ಮಾಲೀಕರ ಕೈಯ ಉಪಕರಣವಾಗಿತ್ತು. ಆ ಉಪಕರಣದ ಸದ್ದನ್ನೇ ಎರವಲು ಪಡೆದು, ಅದರೊಳಗೆ ನಿಂತು ‘ಈ ಬದುಕನ್ನು ನಡೆಸಲು ನಮಗೆ ಇಷ್ಟೊಂದು ವಸ್ತುಗಳು ಯಾಕೆ ಬೇಕು?’ ಎಂಬ ಧಾಟಿಯಲ್ಲಿ ಹಾಡುವುದನ್ನು (‘ಬ್ರಾಕೇಜ್’ ಹಾಡಿನ ಹುರುಳು ಅದೇ) ಹಳೇ ಟೇಪು ಅವರು ಲಿಫ್ಟಿನ ಸಂಗೀತ ಎಂದರೆ, ನಾನು ‘ಹೌದು, ಅದಕ್ಕೇ’ ಎನ್ನುತ್ತೇನೆ.

ಹಳೇ ಟೇಪು

ಕೆಂಪು ಶಾಯಿ ಅವರು ನನ್ನ ಬೈಗುಳವನ್ನೇ ಪ್ರಶಸ್ತಿಪತ್ರವಾಗಿ ತಿದ್ದಿ ಓದುತ್ತಿದ್ದಾರೆ, ಅವರ ಜಾಣ್ಮೆಗೆ ಶರಣು. ಬೇಂದ್ರೆಯವರ ಉದಾಹರಣೆ ‘ಪಿಂಗ್ ಪಾಂಗ್’ಗೆ ಸರಿಯಾಗಿ ಹೊಂದುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಗಮನಿಸಿ, ‘ಪಿಂಗ್ ಪಾಂಗ್’ನಲ್ಲಿ ಪದಗಳು ಸ್ಪಷ್ಟವಾಗಿ ಕೇಳಿಸುತ್ತವೆ. ‘ಡಾಟ್ಸ್ ಅಂಡ್ ಲೂಪ್ಸ್’ನಲ್ಲಿ ಎಷ್ಟು ಹಾಡುಗಳ ಮಾತು ನಿಮಗೆ ಚೀಟಿ ಹಿಡಿಯದೆ ತಿಳಿಯಿತು? ಬೇಂದ್ರೆಯವರನ್ನು ಅರ್ಥವಾಗದ ಭಾಷೆಯಲ್ಲಿ ಪಿಸುಗುಟ್ಟಿದರೆ ಉಳಿಯುವುದು ಬರೀ ಗೆಜ್ಜೆ.

ಮತ್ತೊಂದು ಆಕ್ಷೇಪ. ‘ರಿಫ್ರಾಕ್ಷನ್ಸ್ ಇನ್ ದ ಪ್ಲಾಸ್ಟಿಕ್ ಪಲ್ಸ್’ 17 ನಿಮಿಷಕ್ಕೂ ಮೀರಿದ ಹಾಡು. ಇದು ನಾಲ್ಕಾರು ಬೇರೆ ಬೇರೆ ಹಾಡುಗಳನ್ನು ಬಸ್ಸಿನ ಸೀಟಿನಂತೆ ಒಂದರ ಹಿಂದೆ ಒಂದು ಜೋಡಿಸಿದ್ದು. ‘ಜೆನ್ನಿ ಒಂಡಿಯೋಲಿನ್’ನ ಉದ್ದಕ್ಕೆ ಕಾರಣವಿತ್ತು, ಇದರ ಉದ್ದಕ್ಕೆ ಕಾರಣ ಹಾರ್ಡ್ ಡಿಸ್ಕಿನಲ್ಲಿ ಜಾಗವಿದ್ದದ್ದು.

ಮಿಕ್ಸಿಂಗ್ ಮೇಜು

ಸರ್, ಕಡೆಯ ಮಾತು ಕೇಳಿ ನಕ್ಕೆ. ಆದರೆ ನೀವು ಮೆಚ್ಚುವ ಹಾಡಿನ ಹೆಸರನ್ನೇ ಒಮ್ಮೆ ಬಿಡಿಸಿ ನೋಡಿ. ಒಂಡಿಯೋಲಿನ್ ಎಂಬುದು ಜಾರ್ಜ್ ಜೆನ್ನಿ ಎಂಬ ಫ್ರೆಂಚ್ ತಂತ್ರಜ್ಞ ತಯಾರಿಸಿದ, ಸಿಂಥಸೈಸರಿನ ಮುತ್ತಜ್ಜನಂತಹ ಎಲೆಕ್ಟ್ರಾನಿಕ್ ಕೀಲಿಮಣೆ. ಅದನ್ನು ಊರೂರಿಗೆ ಒಯ್ದು ನುಡಿಸಿ ತೋರಿಸಿದವರು ಜಾನ್-ಜಾಕ್ ಪೆರೆ. ಅವರು ಮುಂದೆ ಗೆರ್ಶಾನ್ ಕಿಂಗ್ಸ್‌ಲಿ ಅವರ ಜೊತೆ ಸೇರಿ 1960ರ ದಶಕದಲ್ಲಿ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುವ, ಪ್ಯಾರಿಸ್ಸಿನ ಪ್ರಯೋಗಶಾಲೆಗಳಲ್ಲಿ ರೂಪುಗೊಂಡ ಗಂಭೀರ ತಂತ್ರವನ್ನು ಬಳಸಿ ನಗೆ ಬರಿಸುವ ಪುಟ್ಟ ಪುಟ್ಟ ಪಾಪ್ ತುಣುಕುಗಳನ್ನು ಮಾಡಿದರು. ಮೆಕ್ಸಿಕೋದ ವಾದ್ಯವೃಂದ ನಿರ್ದೇಶಕ ಎಸ್ಕಿವೆಲ್ ಆರ್‌ಸಿಎ ರೆಕಾರ್ಡ್ ಕಂಪನಿಗೆ ಮಾಡಿದ ಸ್ಟೀರಿಯೋ ರೆಕಾರ್ಡುಗಳೂ ಹಾಗೆಯೇ. ಗಾಯಕರು ಪದಗಳ ಬದಲು ‘ಝೂ ಝೂ’ ಎನ್ನುತ್ತಾರೆ, ಗಿಟಾರು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಜಾರುತ್ತದೆ. ಪ್ರಯೋಗಶಾಲೆಯೂ ಬೈಠಕ್‌ಖಾನೆಯೂ ಒಂದೇ ಗೋಡೆ ಹಂಚಿಕೊಂಡ ಮನೆಗಳಾಗಿದ್ದವು. ಅವುಗಳ ನಡುವೆ ಬೇಲಿ ಹಾಕಿದವರು ಆಮೇಲೆ ಬಂದ ವಿಮರ್ಶಕರು. ನೀವು ‘ಹಳೆಯ, ಬೆವರಿನ’ ಸ್ಟೀರಿಯೋಲ್ಯಾಬ್ ಎನ್ನುವುದರಲ್ಲಿಯೇ ಈ ವಂಶಾವಳಿ ಇತ್ತು. 1993ರಲ್ಲಿಯೇ ಅವರು ಒಂದು ಕಿರು ಆಲ್ಬಮ್ಮಿನ ಹೆಸರಿನಲ್ಲಿ ‘ಸ್ಪೇಸ್ ಏಜ್’ ಕಾಲದ ಬ್ರಹ್ಮಚಾರಿಯ ಕೋಣೆಯ ಸಂಗೀತ ಎಂದು ತಮ್ಮನ್ನು ತಾವೇ ಕರೆದುಕೊಂಡಿದ್ದರು.

ಅಂಚೆಪೆಟ್ಟಿಗೆ

ಈ ಬೈಠಕ್‌ಖಾನೆಯ ಬಗ್ಗೆ ಎಲ್ಲರೂ ಇಷ್ಟು ಪ್ರೀತಿಯಿಂದ ಮಾತನಾಡುತ್ತಿರುವುದು ನನಗೆ ಸ್ವಲ್ಪ ಇರುಸುಮುರುಸು ಉಂಟುಮಾಡುತ್ತಿದೆ. ಅಮೆರಿಕದ ಪಿಯಾನೋ ವಾದಕ ಮಾರ್ಟಿನ್ ಡೆನ್ನಿಯವರ 1957ರ ‘ಎಕ್ಸೋಟಿಕಾ’ದಂತಹ ರೆಕಾರ್ಡುಗಳಲ್ಲಿ ವೈಬ್ರಾಫೋನಿನ ಹಿಂದೆ ವಾದ್ಯಗಾರರೇ ಹಕ್ಕಿ, ಕಪ್ಪೆಗಳ ಕೂಗನ್ನು ಕೂಗಿ ಕಲ್ಪನೆಯ ಕಾಡೊಂದನ್ನು ಮಾರಿದರು. ಆ ಕಾಡಿನಲ್ಲಿ ಪಾಲಿನೇಷ್ಯಾ, ಆಫ್ರಿಕಾ, ಏಷ್ಯಾ ಎಲ್ಲವೂ ಒಂದೇ ಕಾಕ್‌ಟೇಲಿನ ಬಣ್ಣಗಳು. ಎಡಪಂಥೀಯ ತಂಡವೊಂದು ಅದೇ ವೈಬ್ರಾಫೋನನ್ನು ಎತ್ತಿಕೊಂಡಾಗ ಈ ಚರಿತ್ರೆಯನ್ನೂ ಎತ್ತಿಕೊಂಡಂತಾಗಲಿಲ್ಲವೇ?

ಕೆಂಪು ಶಾಯಿ

ನ್ಯಾಯವಾದ ಪ್ರಶ್ನೆ, ನನ್ನ ಬಳಿ ಪೂರ್ಣ ಉತ್ತರವಿಲ್ಲ. ಇಷ್ಟು ಹೇಳಬಲ್ಲೆ: ಸ್ಟೀರಿಯೋಲ್ಯಾಬ್ ವೈಬ್ರಾಫೋನನ್ನು ತಂದರೇ ಹೊರತು ಹಕ್ಕಿಯ ಕೂಗನ್ನು ತರಲಿಲ್ಲ. ಅವರ ಹಾಡುಗಳಲ್ಲಿ ದೂರದ ಕಾಡಿಲ್ಲ, ಇರುವುದು ಕಾಂಕ್ರೀಟು, ಪ್ಲಾಸ್ಟಿಕ್ಕು, ಪ್ರಯೋಗಶಾಲೆ. ಅವರು ನೆನೆಯುವುದು ಒಂದು ದೇಶವನ್ನಲ್ಲ, 1960ರ ದಶಕ ಕನಸಿ ಕೈಬಿಟ್ಟ ಒಂದು ಭವಿಷ್ಯವನ್ನು.

ರಾತ್ರಿಪಾಳಿ

ಎರಡು ದಿನ ಕೆಲಸದ ಒತ್ತಡದಲ್ಲಿ ಬರಲಾಗಲಿಲ್ಲ. ಇಷ್ಟೆಲ್ಲ ಬಂದಿರುವುದನ್ನು ನೋಡಿ ಸಂತೋಷವಾಯಿತು.

ಹಳೇ ಟೇಪು ಅವರ 17 ನಿಮಿಷದ ಆಕ್ಷೇಪಕ್ಕೆ ನಾನು ಅರ್ಧ ಸೋಲುತ್ತೇನೆ. ಆ ಹಾಡಿನ ನಡುಭಾಗದಲ್ಲಿ ನಾನೂ ಬಸ್ಸಿನಲ್ಲಿ ತೂಕಡಿಸಿದ್ದೇನೆ. ಆದರೆ ಕಡೆಯ ಹಾಡು ‘ಕಾಂಟ್ರೋನತೂರಾ’ವನ್ನು ಬಿಟ್ಟುಕೊಡಲಾರೆ. ಅದು ಒಂಬತ್ತು ನಿಮಿಷಗಳ ಹಾಡು. ಮೊದಲರ್ಧದಲ್ಲಿ ಮೆಲುವಾದ, ಬಹುತೇಕ ಜೋಗುಳದಂತಹ ಗತಿ. ನಂತರ ಅದು ಕರಗಿ, ಗುಳ್ಳೆಗಳೇಳುವ ಸದ್ದಿನೊಳಗಿಂದ ಯಾಂತ್ರಿಕವಾದ ಬೀಟೊಂದು ಮೇಲೆದ್ದು ಬರುತ್ತದೆ, ಇಬ್ಬರ ದನಿಗಳು ಅದರ ಮೇಲೆ ಮತ್ತೆ ಕೂಡುತ್ತವೆ. ನಮ್ಮ ಬಸ್ಸು ರಿಂಗ್ ರೋಡಿನಿಂದ ಒಳರಸ್ತೆಗೆ ತಿರುಗುವ ಹೊತ್ತಿಗೆ ಸರಿಯಾಗಿ ಆ ಬೀಟ್ ಶುರುವಾಗುತ್ತಿತ್ತು. ಹಾಲಿನ ಕ್ರೇಟುಗಳನ್ನು ಇಳಿಸುವವರು, ಹೂವಿನ ಗಾಡಿಗಳು, ಶಟರ್ ಎತ್ತುತ್ತಿರುವ ದರ್ಶಿನಿ. ಪಕ್ಕದಲ್ಲಿ ಕುಳಿತ ಸಹೋದ್ಯೋಗಿಗೆ ಒಮ್ಮೆ ಒಂದು ಇಯರ್‌ಫೋನ್ ಕೊಟ್ಟೆ. ಎರಡು ನಿಮಿಷ ಕೇಳಿ ‘ಚೆನ್ನಾಗಿದೆ, ನಿದ್ದೆ ಬರುತ್ತದೆ’ ಎಂದು ಹೇಳಿ ವಾಪಸು ಕೊಟ್ಟರು. ಅವರ ಕಿವಿಗೆ ಸಿಕ್ಕಿದ್ದು ಬಲಗಡೆಯದು, ಗುಳ್ಳೆಗಳ ಸದ್ದು ಹೆಚ್ಚಾಗಿ ನನ್ನ ಎಡಗಿವಿಯಲ್ಲಿತ್ತು.

ಹಳೇ ಟೇಪು

ನಿನ್ನೆ ರಾತ್ರಿ ಲಯಗಾರ ಅವರು ಹೇಳಿದಂತೆ ತೊಡೆಯ ಮೇಲೆ ತಾಳ ಹಾಕಿಕೊಂಡು ‘ಪಾರ್ಸೆಕ್’ ಕೇಳಿದೆ. ನಾಲ್ಕು ಸಲ ಕೇಳಿದೆ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಆಲ್ಬಮ್ಮಿನ ಬಗ್ಗೆ ನನ್ನ ಒಟ್ಟು ಅಭಿಪ್ರಾಯ ಬದಲಾಗಿಲ್ಲ, ಆ ಹಾಡಿನ ಬಗ್ಗೆ ಬದಲಾಗಿದೆ. 17 ನಿಮಿಷದ್ದು ಇನ್ನೂ ಬಸ್ಸಿನ ಸೀಟೇ.

ಎಡಗಿವಿ-ಬಲಗಿವಿ ಎಂದಿರಲ್ಲ, ಅದಕ್ಕೆ ಒಂದು ಮಾತು. ಮೇರಿ ಹ್ಯಾನ್ಸನ್ 2002ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 36 ವರ್ಷ. ಅದಾದ ಮೇಲೆ ತಂಡ ಹೊರತಂದ ಪೂರ್ಣ ಪ್ರಮಾಣದ ಆಲ್ಬಂ 2004ರ ‘ಮಾರ್ಜರಿನ್ ಎಕ್ಲಿಪ್ಸ್’. ಅದನ್ನು ವಿಚಿತ್ರವಾಗಿ ಮಿಕ್ಸ್ ಮಾಡಿದ್ದಾರೆ. ನಡುಮಧ್ಯದಲ್ಲಿ ಏನನ್ನೂ ಇಡದೆ ಎಡಕ್ಕೆ ಒಂದು, ಬಲಕ್ಕೆ ಒಂದು ಎಂದು ಎರಡು ಪ್ರತ್ಯೇಕ ಮುದ್ರಿಕೆಗಳಾಗಿ ಹಾಡುಗಳನ್ನು ಸೀಳಿಟ್ಟಿದ್ದಾರೆ. ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ಒಂದು ಹಾಡು, ಇನ್ನೊಂದು ಕಿವಿಗೆ ಹಾಕಿಕೊಂಡರೆ ಅದೇ ಹಾಡಿನ ಬೇರೊಂದು ರೂಪ. ಅದರಲ್ಲಿರುವ ‘ಫೀಲ್ ಅಂಡ್ ಟ್ರಿಪಲ್’ ಹ್ಯಾನ್ಸನ್ ಅವರ ನೆನಪಿಗೆ ಬರೆದದ್ದು. ರಾತ್ರಿಪಾಳಿ ಅವರೇ, ಮುಂದಿನ ಸಲ ನಿಮ್ಮ ಸಹೋದ್ಯೋಗಿಗೆ ಒಂದು ಇಯರ್‌ಫೋನ್ ಕೊಡುವುದಾದರೆ ಆ ಹಾಡನ್ನು ಹಾಕಿ ಕೊಡಿ.